ಐದು ಮೀಟರ್ ಜಾಗ

ಕ್ಯಾರವಾನ್‌ನ ಗೋಡೆಯಿಂದ ಪಕ್ಕದ ಮನೆಯ ಗೋಡೆಗೆ ದೂರ ಅಳೆಯುವ ಲೇಸರ್ ಹಿಡಿದೆ. ಒಂದೂವರೆ ಮೀಟರೂ ಇರಲಿಲ್ಲ. ಇನ್ನೊಂದು ಬದಿಗೆ ತಿರುಗಿಸಿದೆ, ಅಲ್ಲೂ ಅಷ್ಟೇ. ಬಂತಪ್ಪ ಗ್ರಹಚಾರ ಎಂದುಕೊಂಡೆ. ಮಧ್ಯಾಹ್ನದೊಳಗೆ ಕೆಲಸ ಮುಗಿಸಿ ಡೆಲ್ಫ್ಟ್‌ಗೆ ವಾಪಸಾಗಿ ನೆಮ್ಮದಿಯಾಗಿ ವರದಿ ಬರೆಯೋಣವೆಂದು ಹೊರಟಿದ್ದವಳು ನಾನು. ಆ ಒಂದೂವರೆ ಮೀಟರು ಚಳಿಗಾಲ ಮುಗಿಯುವವರೆಗೆ ನನ್ನ ಬೆನ್ನು ಬಿಡಲಿಲ್ಲ.

ಕಟ್ಟಡಗಳಿಗೆ ಬೆಂಕಿ ಹತ್ತದಂತೆ, ಹತ್ತಿದರೂ ಹಬ್ಬದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಆ ವರ್ಷ ನಮ್ಮ ಕಚೇರಿಗೆ ಸಿಕ್ಕಿದ್ದು ಟಿಲ್‌ಬರ್ಗ್‌ನ ಆಚೆಗಿನ ಒಂದು ವಾಗನ್ ಕೇರಿಯ ತಪಾಸಣೆ. ವಾಗನ್ ಅಂದರೆ ಮನೆಯೇ. ಅಡುಗೆಮನೆ, ಎರಡು ಮಲಗುವ ಕೋಣೆ, ಕಿಟಕಿಗೆ ಲೇಸಿನ ಪರದೆ ಎಲ್ಲ ಇರುತ್ತದೆ. ಅಡಿಯಲ್ಲಿ ಮಾತ್ರ ಉಕ್ಕಿನ ಚೌಕಟ್ಟು, ಬೇಕಾದರೆ ಎತ್ತಿಕೊಂಡು ಹೋಗಬಹುದು. ಅಲ್ಲಿ ಇದ್ದವರು ಸಿಂತಿ ಜನ, ರೋಮಾ ಬಳಗಕ್ಕೆ ಸೇರಿದವರು, ತಲೆಮಾರುಗಳಿಂದ ಈ ಡಚ್ ನಾಡಿನವರೇ. ಒಂದು ಕಾಲಕ್ಕೆ ಊರೂರು ತಿರುಗುತ್ತಿದ್ದವರನ್ನು ಸರ್ಕಾರ ಊರಾಚೆ ಒಂದು ಕಡೆ ಕೂರಿಸಿತು. ಆಮೇಲೆ ಬಹಳ ವರ್ಷ, ಯಾರಾದರೂ ಬಿಟ್ಟು ಹೋದ ಜಾಗವನ್ನು ಮತ್ತೊಬ್ಬರಿಗೆ ಕೊಡದೆ ಕೇರಿಗಳನ್ನೇ ಒಣಗಿಸಿತು. ಈಗ ಆ ನೀತಿ ಇಲ್ಲ. ಆದರೆ ಒಮ್ಮೆ ಕೈಬಿಟ್ಟ ಜಾಗ ಮತ್ತೆ ಸಿಗುತ್ತದೆಂಬ ನಂಬಿಕೆ ಅಲ್ಲಿ ಯಾರಿಗೂ ಇಲ್ಲ.

ಎರಡು ವಾಗನ್‌ಗಳ ನಡುವೆ ಐದು ಮೀಟರ್ ಖಾಲಿ ಇರಬೇಕು, ಒಂದು ಹೊತ್ತಿಕೊಂಡರೆ ಇನ್ನೊಂದು ಉಳಿಯಲಿ ಅಂತ. ಇಲ್ಲಿ ಒಬ್ಬ ಅಜ್ಜಿಯ ವಾಗನ್ ಮತ್ತು ಅವಳ ಮಗನ ವಾಗನ್ ನಡುವೆ ಆ ಜಾಗ ಸರಿಯಾಗಿಯೇ ಇತ್ತು. ಆದರೆ ಅದರ ನಟ್ಟನಡುವೆ, ಜನ ರಜೆಗೆ ಕಾರಿನ ಹಿಂದೆ ಕಟ್ಟಿಕೊಂಡು ಹೋಗುವಂಥ ಒಂದು ಪುಟ್ಟ ಹಳೇ ಕ್ಯಾರವಾನ್ ನಿಂತಿತ್ತು. ಅದರ ಬಾಗಿಲು ತೆಗೆದು, ಕಾಫಿ ಲೋಟ ಹಿಡಿದುಕೊಂಡು ಅಜ್ಜಿ ನನ್ನನ್ನು ನೋಡುತ್ತಿದ್ದಳು. ಎಪ್ಪತ್ತು ದಾಟಿದ ಗಟ್ಟಿ ಹೆಂಗಸು.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಅಜ್ಜಿಯೂ ಮಗನೂ ಆಡುತ್ತಿದ್ದದ್ದು ಆ ಸೀಮೆಯ, ಅಂದರೆ ಬ್ರಾಬಂಟ್ ಪ್ರಾಂತ್ಯದ ಡಚ್. ಅದು ನನ್ನ ಕಿವಿಗೆ ಮೊದಲಿನಿಂದಲೂ ನಮ್ಮ ಹುಬ್ಬಳ್ಳಿ ಮಾತಿನ ಹಾಗೇ ಬಿದ್ದಿದೆ. ಕಚೇರಿಯವರ ಡಚ್ ಬೆಂಗಳೂರಿನವರ ಮಾತಿನ ಹಾಗೆ. ಹಾಗಾಗಿ ಹಾಗೆಯೇ ಬರೆಯುತ್ತೇನೆ.

“ಅಮ್ಮಾ, ಈ ಕ್ಯಾರವಾನ್ ಇಲ್ಲಿ ನಿಲ್ಲಿಸೋ ಹಂಗಿಲ್ರಿ,” ಎಂದೆ.

“ಮತ್ತ ನಾ ಎಲ್ಲಿ ಮಲಗಲಿ?”

“ನಿಮ್ಮ ವಾಗನ್ ಐತಲ್ರಿ, ಎಷ್ಟು ಚಂದ ಐತಿ.”

ಅಜ್ಜಿ ಆ ಕಡೆ ತಿರುಗಿಯೂ ನೋಡಲಿಲ್ಲ. “ಅದರಾಗ ನಾ ಹೋಗೂದಿಲ್ಲ.”

“ಯಾಕ್ರಿ, ಹೀಟರ್ ಕೆಟ್ಟೈತೇನು? ಸೋರಾಕತ್ತೈತೇನು?”

“ಏನೂ ಕೆಟ್ಟಿಲ್ಲ. ಕಾಫಿ ಕುಡೀತಿಯೇನು, ತಂಗಿ?”

ಕಾಫಿಗೆ ಒಳಗೆ ಹೋದೆ. ಕಿಟಕಿಯ ಗಾಜಿನ ಮೇಲೆಲ್ಲ ನೀರು ಇಳಿಯುತ್ತಿತ್ತು. ಮಂಚದ ಕಾಲ ಬಳಿ ಒಂದು ಗ್ಯಾಸ್ ಹೀಟರ್ ಉರಿಯುತ್ತಿತ್ತು. ಗಾಳಿ ಬರುವ ಕಿಂಡಿಗೆ ಚಳಿ ಎಂದು ಟವೆಲ್ ತುರುಕಿದ್ದರು. ಇಂಥ ಡಬ್ಬಿಯೊಳಗೆ ಗ್ಯಾಸ್ ಉರಿದು ಗಾಳಿ ಸಾಲದೆ ಹೋದರೆ ವಿಷಾನಿಲ ತುಂಬುತ್ತದೆ, ವಾಸನೆಯೂ ಬರುವುದಿಲ್ಲ, ಮಲಗಿದವರು ಏಳುವುದಿಲ್ಲ. ಟವೆಲ್ ಕಿತ್ತು ತೆಗೆದೆ. ಬ್ಯಾಗಿನಲ್ಲಿದ್ದ ವಿಷಾನಿಲದ ಅಲಾರಮ್ ಒಂದನ್ನು ಮಂಚದ ಮೇಲ್ಗಡೆ ಅಂಟಿಸಿದೆ. ಅಜ್ಜಿ ಬೇಡವೆನ್ನಲಿಲ್ಲ, ಸಕ್ಕರೆ ಎಷ್ಟು ಅಂತ ಕೇಳಿದಳು.

ವಾಗನ್ ತೋರಿಸಲು ಮಗ ಬೀಗದ ಕೈ ತಂದ. ನಲವತ್ತರ ಆಸುಪಾಸಿನವ, ಹಳೇ ಕಾರು ರಿಪೇರಿ ಮಾಡಿ ಮಾರುವವ. ಕೀಲಿಕೈ ನನ್ನ ಅಂಗೈಯಲ್ಲಿಟ್ಟು ತಾನು ಮೆಟ್ಟಿಲ ಕೆಳಗೇ ನಿಂತ. ಒಳಗೆ ಒಂದು ಕಲೆ ಇಲ್ಲ. ಗಾಜಿನ ಬೀರುವಿನಲ್ಲಿ ಪಿಂಗಾಣಿ ಬಟ್ಟಲುಗಳು ಹೊಳೆಯುತ್ತಿದ್ದವು. ದೊಡ್ಡ ಕೋಣೆಯಲ್ಲಿ ಹಾಸಿಗೆ ತೆಗೆದ ಬರೀ ಮಂಚ. ಹೀಟಿಂಗ್ ಹಾಕಿ ನೋಡಿದೆ, ಐದು ನಿಮಿಷಕ್ಕೆ ಬೆಚ್ಚಗಾಯಿತು. ಹೊರಗೆ ಬಂದು, “ಎಲ್ಲಾ ಛಲೋ ಐತಲ್ರಿ, ಏನಾಗೈತಿ?” ಎಂದು ಸ್ವಲ್ಪ ಜೋರಾಗಿಯೇ ಕೇಳಿದೆ.

ಅವನು ಬೂಟಿನ ತುದಿಯಿಂದ ಜಲ್ಲಿಕಲ್ಲು ಕೆದಕುತ್ತ ನಿಂತ. ಆಮೇಲೆ ಗದ್ದದಲ್ಲೇ ವಾಗನ್ ಕಡೆ ತೋರಿಸಿ, “ಅಪ್ಪ ಇದರಾಗ ಹೋದ, ಬ್ಯಾಸಿಗ್ಯಾಗ,” ಎಂದ. “ಇನ್ನ ನಮ್ಮವರು ಯಾರೂ ಇದರಾಗ ಮಲಗೂದಿಲ್ಲ. ಹಿಂದಿನವರು ಸುಟ್ಟಬಿಡ್ತಿದ್ರು. ಈಗ ವಾಗನ್ ನಮ್ಮದಲ್ಲ, ಬಾಡಿಗಿದು. ಹೆಂಗ ಸುಡಲಿ?”

ಬೆಂಕಿ ಇಲಾಖೆಯವಳ ಮುಂದೆ ಹೇಳುವ ಮಾತೇ ಇದು! ಪುಸ್ತಕ ತೆಗೆದು ಬರೆಯಲು ಹೋದೆ. ಅವನು ಕೈ ಅಡ್ಡ ಹಿಡಿದ.

“ಇದನ್ನ ಬರೀಬ್ಯಾಡ್ರಿ. ಇದು ನಮ್ಮ ಮನಿ ಮಾತು. ಆಫೀಸಿನವರಿಗೆ ಹೇಳಿದ್ರ ನಾಳೆ ಅದರ ಮ್ಯಾಲ ಮೀಟಿಂಗ್ ಮಾಡ್ತಾರ.”

ಮಾತು ಕೊಟ್ಟೆ. ಕೊಟ್ಟ ಮೇಲೆ ಗೊತ್ತಾಯಿತು ಎಂಥ ಗಂಟಿನಲ್ಲಿ ಸಿಕ್ಕಿಬಿದ್ದಿದ್ದೇನೆಂದು. ಕ್ಯಾರವಾನ್ ತೆಗೆಯಿರಿ ಎನ್ನುವುದು ನನ್ನ ಕೆಲಸ. ತೆಗೆದರೆ ಅಜ್ಜಿ ಬೀದಿಗೆ ಬೀಳುತ್ತಾಳೆ. ಮಗನ ಮನೆಯಲ್ಲಿ ಮಕ್ಕಳು ಸೋಫಾದ ಮೇಲೆಲ್ಲ ಮಲಗುತ್ತಿದ್ದರು. ದೂರದ ನೆಂಟರ ಮನೆಗೆ ಹೋದರೆ ಜಾಗವೇ ಕೈತಪ್ಪಬಹುದು. ವಾಗನ್‌ಗೆ ಯಾಕೆ ಹೋಗುವುದಿಲ್ಲ ಎಂಬುದಕ್ಕೆ ಕಾರಣ ನನಗೆ ಗೊತ್ತಿದೆ, ಬಾಯಿ ಬಿಡುವ ಹಾಗಿಲ್ಲ.

ವಾಗನ್‌ಗಳ ಮಾಲೀಕತ್ವ ಬಾಡಿಗೆ ಮನೆಗಳನ್ನು ನೋಡಿಕೊಳ್ಳುವ ಒಂದು ವಸತಿ ಸಂಸ್ಥೆಯದು. ಅದರ ಮ್ಯಾನೇಜರ್ ಕೆಟ್ಟ ಮನುಷ್ಯನಲ್ಲ, ಬರೀ ಅವಸರದ ಮನುಷ್ಯ. “ನೋಡಿ, ವಾಗನ್ ಕಂಡೀಶನ್ ಚೆನ್ನಾಗಿದೆ ಅಂತ ನೀವೇ ಹೇಳ್ತಿದ್ದೀರ. ಹೀಟಿಂಗ್ ವರ್ಕ್ ಆಗ್ತಿದೆ. ಅವರು ಅಲ್ಲಿ ಇರಲ್ಲ ಅಂದ್ರೆ ನಾನೇನು ಮಾಡ್ಲಿ? ತಿಂಗಳ ಕೊನೆಗೆ ಕ್ಯಾರವಾನ್ ಎತ್ತಿಸ್ತೀನಿ. ಬೆಂಕಿ ಬಿದ್ರೆ ನಾಳೆ ನನ್ನೇ ಕೇಳ್ತಾರೆ.”

ಅವನು ಹೇಳಿದ್ದರಲ್ಲಿ ತಪ್ಪು ಹುಡುಕಲು ನನ್ನಿಂದ ಆಗಲಿಲ್ಲ. ಅದೇ ನನಗೆ ಇನ್ನಷ್ಟು ಸಿಟ್ಟು ತರಿಸಿತು.

ಮುಂದಿನ ವಾರಗಳಲ್ಲಿ ನಾನು ಕೂತಲ್ಲಿ ಕೂರಲಿಲ್ಲ. ಕ್ಯಾರವಾನನ್ನು ಕೇರಿಯ ಕೊನೆಗೆ ತಳ್ಳಬಹುದೇ ನೋಡಿದೆ, ಅದು ಅಗ್ನಿಶಾಮಕ ವಾಹನ ತಿರುಗುವ ಜಾಗ. ವಾಗನ್‌ಗಳ ಹಿಂದಕ್ಕೆ? ಅಲ್ಲಿ ಕಾಲುವೆ, ದಂಡೆಯ ಮಣ್ಣು ಕಾಲಿಟ್ಟರೆ ಕುಸಿಯುತ್ತದೆ. ಗ್ಯಾಸ್ ಬಿಡಿಸಿ ಕರೆಂಟ್ ಹೀಟರ್ ಕೊಡಿಸಿದೆ. ಮಗ ವಾಗನ್‌ನ ಮೀಟರಿನಿಂದ ಉದ್ದ ವಯರ್ ಎಳೆದ. ಉಳಿದ ವಯರನ್ನು ಉರುಳೆಗೆ ಸುತ್ತಿಯೇ ಬಿಟ್ಟಿದ್ದ. ಎರಡು ದಿನ ಬಿಟ್ಟು ಹೋಗಿ ಮುಟ್ಟಿದರೆ ಕೈ ಸುಡುವಷ್ಟು ಕಾದಿತ್ತು, ಪ್ಲಾಸ್ಟಿಕ್ ಮೆತ್ತಗಾಗಿತ್ತು. ಬಿಚ್ಚಿ ಹರಡಿಸಿದೆ. ಆಗ ಕೇರಿಯ ಮಕ್ಕಳ ಸೈಕಲ್ ಅದರ ಮೇಲೇ ಓಡಾಡತೊಡಗಿದವು. ಕೊನೆಗೆ ನಾನೇ ಬಿಚ್ಚಿಸಿದೆ. ಅಜ್ಜಿ ಮತ್ತೆ ಗ್ಯಾಸ್ ಹೀಟರ್ ಹಚ್ಚಿದಳು.

ಮನೆಯಲ್ಲಿ ಕುಕ್ಕರ್ ಕೂಗಿದರೂ ಬೆಚ್ಚಿ ಬೀಳುತ್ತಿದ್ದೆ. ಹುಬ್ಬಳ್ಳಿಯಿಂದ ಅವ್ವ ಫೋನ್ ಮಾಡಿದಾಗ, “ಏನವಾ, ಧ್ವನಿ ಯಾಕ ಹಿಂಗ ಐತಿ? ಉಂಡಿಯೋ ಇಲ್ಲೋ?” ಎಂದಳು. ಹೇಳಿಕೊಂಡೆ. ಹೆಸರಿಲ್ಲ, ಊರಿಲ್ಲ, ಸಂಗತಿ ಅಷ್ಟೇ. ಅವ್ವ ಒಂದು ಕ್ಷಣವೂ ಆಶ್ಚರ್ಯಪಡಲಿಲ್ಲ.

“ಅದರಾಗೇನೈತಿ? ನಿಮ್ಮಜ್ಜ ತೀರಿಕೊಂಡಾಗ ಪಂಚಕ ಅಂತ ಭಟ್ರು ಹೇಳಲಿಲ್ಲೇನು? ಮನಿಗೆ ಕೀಲಿ ಹಾಕಿ ಪಕ್ಕದ ಓಣ್ಯಾಗ ಬಾಡಿಗಿ ಹಿಡಿದು ಇದ್ವಲ್ಲ. ನೀ ಆಗ ಶಾಲಿಗೆ ಹೋಗಾಕ ದೂರ ಆಗತೈತಿ ಅಂತ ಅತಗೊಂತ ಕೂತಿದ್ದಿ.”

ಹೌದಲ್ಲ! ಕೆಟ್ಟ ನಕ್ಷತ್ರದಲ್ಲಿ ಸಾವಾದರೆ ಮನೆ ಬಿಡಬೇಕೆಂದು, ಚೆನ್ನಾಗಿರುವ ಮನೆಗೆ ಬೀಗ ಜಡಿದು ನಾವೂ ಹೊರಗಿದ್ದೆವು. ನಮ್ಮದು ತಿಂಗಳುಗಳ ಮಾತು, ಆಮೇಲೆ ಶಾಂತಿ ಮಾಡಿಸಿ ಒಳಗೆ ಬಂದೆವು. ಇವರದು ಎಂದೆಂದಿಗೂ. ಎರಡೂ ಒಂದೇ ಎಂದು ನಾನು ಹೇಳುವುದಿಲ್ಲ. ಆದರೆ ನಮಗೆ ಆಗ ಯಾರೂ ‘ಮನೆ ಗಟ್ಟಿಮುಟ್ಟಾಗಿದೆ, ಒಳಗೆ ಹೋಗಿ’ ಎಂದು ನೋಟಿಸ್ ಅಂಟಿಸಿರಲಿಲ್ಲ.

ನೆಲ ಬಿಳಿಯಾಗಿ ಹೆಪ್ಪುಗಟ್ಟಿದ ಒಂದು ಬೆಳಗ್ಗೆ ಮಗ ಫೋನ್ ಮಾಡಿದ. “ಆ ನಿಮ್ಮ ಡಬ್ಬಿ ಕೂಗಾಕತ್ತಿತ್ತು. ಅವ್ವ ನಿದ್ದಿ ಕೆಡತೈತಿ ಅಂತ ಬ್ಯಾಟರಿ ತಗದಾಳ.”

“ಅಯ್ಯೋ ದೇವರೇ, ಹೊರಗ ಕರ್ಕೊಂಡ ಬರ್ರಿ! ಬಾಗಲಾ ತೆಗೀರಿ, ಕಿಡಕಿ ತೆಗೀರಿ!” ಎಂದು ಕಚೇರಿಯಲ್ಲೇ ಕನ್ನಡದಲ್ಲಿ ಕೂಗಿಬಿಟ್ಟೆ. ಎಲ್ಲರೂ ತಿರುಗಿ ನೋಡಿದರು. ಅದನ್ನೇ ಡಚ್‌ನಲ್ಲಿ ಇನ್ನೊಮ್ಮೆ ಕೂಗಿದೆ.

ನಾನು ತಲುಪುವಷ್ಟರಲ್ಲಿ ಡಾಕ್ಟರು ನೋಡಿ ಹೋಗಿದ್ದರು. ತಲೆನೋವು, ವಾಂತಿ, ಅಷ್ಟಕ್ಕೇ ನಿಂತಿತ್ತು. ಅಜ್ಜಿ ಮಗನ ಮನೆಯ ಮೆಟ್ಟಿಲ ಮೇಲೆ ಕಂಬಳಿ ಹೊದ್ದು ಕೂತಿದ್ದಳು. ನನಗೆ ಸಿಟ್ಟು ನೆತ್ತಿಗೇರಿತ್ತು.

“ನಿಮಗೇನರ ಆಗಿದ್ರ ಏನ್ ಗತಿ? ಬ್ಯಾಟರಿ ಯಾಕ ತಗದ್ರಿ?”

“ನೀ ಯಾಕ ಬಯ್ಯಾಕತ್ತಿ?” ಎಂದಳು ಅಜ್ಜಿ, ಮೆಲ್ಲಗೆ. “ನಾ ಅಲ್ಲಿ ಹೋಗಿ ಬೆಚ್ಚಗ ಮಲಗಬೇಕಂತ ಎಲ್ಲಾರೂ ಹೇಳ್ತಾರ. ನಾ ಮಲಗಿದ್ರ ಅಂವ ಎಲ್ಲಿ ಹೋಗಬೇಕು?”

ಗಂಡನ ಬಗ್ಗೆ ಅವಳು ನನ್ನೊಡನೆ ಆಡಿದ್ದು ಆ ಒಂದೇ ಮಾತು. ಹೆಸರು ಎಂದೂ ಹೇಳಲಿಲ್ಲ.

ನಾನು ಆ ಐದು ಮೀಟರ್ ಜಾಗಕ್ಕೆ ಹೋಗಿ ನಿಂತೆ. ಮಾಡಲು ಏನೂ ತೋಚದಿದ್ದಾಗ ನಾನು ಅಳತೆ ಮಾಡುತ್ತೇನೆ, ಕೆಟ್ಟ ಚಟ. ಕ್ಯಾರವಾನ್‌ನಿಂದ ಮಗನ ಗೋಡೆಗೆ, ಕ್ಯಾರವಾನ್‌ನಿಂದ ಅಜ್ಜಿಯ ವಾಗನ್‌ಗೆ, ಲೇಸರಿನ ಕೆಂಪು ಚುಕ್ಕೆ ಆಚೆಗೊಮ್ಮೆ ಈಚೆಗೊಮ್ಮೆ. ಚುಕ್ಕೆ ವಾಗನ್‌ನ ಗೋಡೆಯ ಮೇಲೆ ನಿಂತಿದ್ದಾಗ ತಲೆಗೆ ಹೊಳೆಯಿತು. ನಿಯಮ ಹೇಳುವುದು ಎರಡರ ನಡುವಿನ ಅಂತರವನ್ನು ಮಾತ್ರ. ಎರಡರಲ್ಲಿ ಯಾವುದು ಜಾಗ ಖಾಲಿ ಮಾಡಬೇಕೆಂದು ಅದು ಎಲ್ಲೂ ಹೇಳುವುದಿಲ್ಲ. ಚಿಕ್ಕದೇ ಹೋಗಬೇಕೆಂದು ನಾವೆಲ್ಲ, ನಾನೂ ಸೇರಿ, ಅಂದುಕೊಂಡಿದ್ದೆವು ಅಷ್ಟೇ.

ಕಾರಿನಲ್ಲಿ ಕೂತೇ ಶಿಫಾರಸು ಬರೆದೆ. ದೊಡ್ಡ ವಾಗನನ್ನು ಜಾಗದಿಂದ ತೆಗೆಯುವುದು, ಒಬ್ಬರಿಗೆ ಸಾಕಾಗುವ ಚಿಕ್ಕ ವಾಗನನ್ನು ಪಕ್ಕದ ಮನೆಯಿಂದ ಇನ್ನಷ್ಟು ದೂರಕ್ಕೆ ಇಡುವುದು, ಆಮೇಲೆ ಕ್ಯಾರವಾನ್ ಸಾಗಿಸುವುದು. ಬರೆದಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ, ಸಾವಿನ ಮಾತೂ ಇಲ್ಲ.

ಮ್ಯಾನೇಜರ್ ಫೋನಿನಲ್ಲೇ ಸಿಡಿದ. “ಏನ್ರೀ ಇದು? ಚೆನ್ನಾಗಿರೋ ಮನೇನ ಎತ್ತಿ ಬಿಸಾಕಿ, ಮುರುಕಲು ಕ್ಯಾರವಾನ್ ಉಳಿಸ್ಕೊಳ್ಳಿ ಅಂತೀರಾ? ಸೀರಿಯಸ್ಲೀ?”

“ಬಿಸಾಕಿ ಅಂತ ಎಲ್ಲಿ ಬರ್ದಿದ್ದೀನಿ? ನಿಮ್ಮ ಬೇರೆ ಕೇರೀಲಿ ಚಿಕ್ಕ ವಾಗನ್‌ನಲ್ಲಿ ದೊಡ್ಡ ಫ್ಯಾಮಿಲಿ ಒದ್ದಾಡ್ತಾ ಇಲ್ವಾ? ಅದಲುಬದಲು ಮಾಡಿ. ಇಬ್ರಿಗೂ ಸರಿಯಾದ ಮನೆ ಸಿಗುತ್ತೆ, ನನಗೆ ನನ್ನ ಐದು ಮೀಟರ್ ಸಿಗುತ್ತೆ.”

ಆ ಕಡೆ ಕಾಗದ ಮಗುಚುವ ಸದ್ದು ಕೇಳಿಸಿತು.

“ಅವರು ಯಾಕೆ ಒಳಗೆ ಹೋಗಲ್ಲ ಅಂತ ನಿಮಗೆ ಗೊತ್ತಿದೆ, ಅಲ್ವಾ?” ಎಂದ.

“ನಾನು ಬೆಂಕಿ ವಿಷಯಕ್ಕೆ ಮಾತ್ರ ಬಂದಿರೋಳು.”

“ಸರಿ,” ಎಂದ. ಮತ್ತೆ ಕೇಳಲಿಲ್ಲ. ಆ ಮನುಷ್ಯನ ಬಗ್ಗೆ ನನಗಿದ್ದ ಸಿಟ್ಟು ಆ ಒಂದು ‘ಸರಿ’ಯಲ್ಲಿ ಅರ್ಧ ಇಳಿಯಿತು.

ಎರಡು ದಿನಕ್ಕೆ ಅವನೇ ಒಂದು ಕುಟುಂಬವನ್ನು ಹುಡುಕಿದ. ಸಮುದ್ರದ ಕಡೆಯ ಒಂದು ಕೇರಿಯವರು, ವಾಗನ್‌ನಲ್ಲೇ ಬೆಳೆದ ಡಚ್ಚರು, ಸಿಂತಿಗಳಲ್ಲ. ಚಿಕ್ಕ ವಾಗನ್‌ನಲ್ಲಿ ಮಕ್ಕಳೊಂದಿಗೆ ಇಕ್ಕಟ್ಟಾಗಿದ್ದರು. ಅಜ್ಜಿಯ ಮಗ ಹೇಳಿದ, “ತಗೊಳ್ಳೋರಿಗೆ ಮಾತ್ರ ಖರೇ ಹೇಳ್ರಿ. ಅದರಾಗ ಮಲಗೋರು ಅವರಲ್ಲೇನು?” ಆ ಮನೆಯಾಕೆಗೆ ಫೋನ್ ಮಾಡಿ, ಅದರಲ್ಲಿ ಒಬ್ಬ ಹಿರಿಯರು ತೀರಿಕೊಂಡಿದ್ದಾರೆ, ನಿಮಗೆ ಆಗಬಹುದೇ ಎಂದು ಕೇಳಿದೆ. “ಹಿರೇರಿಗೆ ಒಳ್ಳೇದಾಗ್ಲಿ, ನಮ್ಗೆ ಇನ್ನೊಂದು ರೂಮು ಸಿಕ್ರೆ ಸಾಕು,” ಎಂದಳು.

ವಾಗನ್ ಹೋಗುವ ಹಿಂದಿನ ದಿನ ಮಗ ಬಂದು ನೆಲ ನೋಡುತ್ತ ನಿಂತ. ಅಪ್ಪನ ಕಟ್ಟಿಗೆಯ ಕುರ್ಚಿ ಒಂದು ಇದೆ, ಅದು ಬೇರೆಯವರ ಮನೆಗೆ ಹೋಗಬಾರದು ಎಂದ. ಏನು ಕೇಳುತ್ತಿದ್ದಾನೆಂದು ಗೊತ್ತಾಯಿತು. ಮೆತ್ತೆ ತೆಗೆಸಿದೆ, ಬಣ್ಣ ಬಳಿದಿಲ್ಲವೆಂದು ನೋಡಿದೆ, ಹಿತ್ತಲಲ್ಲಿ ಚಳಿಗೆ ಬೆಂಕಿ ಹಾಕಿಕೊಳ್ಳುವ ಕಬ್ಬಿಣದ ಬುಟ್ಟಿಯನ್ನು ಕಾಲುವೆಯ ಕಡೆಗೆ ಎಳೆಸಿದೆ. ಹಗಲು ಹೊತ್ತಿನಲ್ಲಿ, ಗಾಳಿ ಇಲ್ಲದಾಗ, ಕುರ್ಚಿ ಸಣ್ಣಗೆ ಉರಿಯಿತು. ಬೆಂಕಿ ಬೀಳದಂತೆ ನೋಡಿಕೊಳ್ಳಲು ಸಂಬಳ ತೆಗೆದುಕೊಳ್ಳುವ ನಾನು ಎರಡು ಬಕೆಟ್ ನೀರಿಟ್ಟುಕೊಂಡು ಪಕ್ಕದಲ್ಲಿ ನಿಂತಿದ್ದೆ. ಹೊಗೆಗೋ ಏನೋ, ಕಣ್ಣಲ್ಲಿ ನೀರು ಬಂತು.

ಮರುದಿನ ಕ್ರೇನ್ ಬಂತು. ನೀರು, ಕರೆಂಟ್, ಒಳಚರಂಡಿಯ ಪೈಪು ಬಿಚ್ಚಿ, ಚೌಕಟ್ಟಿನ ಅಡಿಗೆ ಪಟ್ಟಿ ಹಾಕಿ ವಾಗನನ್ನು ಎತ್ತಿ ಲಾರಿಗೆ ಇಟ್ಟರು. ತಿರುವಿನ ಮರದ ಕೊಂಬೆ ಅಡ್ಡ ಬಂದು ಅರ್ಧ ದಿನ ಹೋಯಿತು. ಅಜ್ಜಿ ಕ್ಯಾರವಾನ್‌ನ ಪರದೆ ಎಳೆದುಕೊಂಡು ಒಳಗಿದ್ದಳು, ಲಾರಿ ರಸ್ತೆ ಮುಟ್ಟುವವರೆಗೆ ಹೊರಗೆ ಬರಲಿಲ್ಲ. ಚಿಕ್ಕ ವಾಗನ್ ಅಂದೇ ಸಂಜೆ ಬರಬೇಕಿತ್ತು. ಗಾಳಿ ಎದ್ದಿತು. ಅಗಲದ ಸಾಮಾನು ಹೆದ್ದಾರಿಯಲ್ಲಿ ಸಾಗಿಸುವಂತಿಲ್ಲ, ಗಾಳಿ ತಗ್ಗಿದ ಮೇಲೇ ಎಂದರು.

ಆ ಸಂಜೆ ಅವ್ವನಿಗೆ ಫೋನ್ ಮಾಡಿ, ಕೆಲಸ ಮುಗಿದಂತೆಯೇ ಎಂದು ಜಂಬದಿಂದ ಹೇಳಿದೆ. ಅವ್ವ ಕೇಳಿದಳು, “ಬರೋ ಮನ್ಯಾಗ ಯಾರರ ತೀರಿಕೊಂಡಾರೇನು, ಕೇಳಿದ್ಯೋ ಇಲ್ಲೋ? ನಾವು ಬಾಡಿಗಿ ಹಿಡಿಯೋವಾಗ ನಿಮ್ಮಜ್ಜಿ ಮೊದಲ ಕೇಳಿದ್ದು ಅದನ್ನ.”

ಬರಲಿರುವ ವಾಗನ್‌ನ ಚೌಕಟ್ಟಿನ ತುಕ್ಕು ನೋಡಿದ್ದೆ, ಗೋಡೆಯೊಳಗಿನ ಹೊದಿಕೆ ನೋಡಿದ್ದೆ, ಬಾಗಿಲಿನ ಅಗಲ ನೋಡಿದ್ದೆ. ಆ ಮನೆಯಾಕೆಗೆ ನಮ್ಮ ವಾಗನ್‌ನ ಸಾವು ಹೇಳಿದ್ದೆ, ಅವಳ ವಾಗನ್‌ನಲ್ಲಿ ಯಾರಾದರೂ ಸತ್ತಿದ್ದಾರೆಯೇ ಎಂದು ಕೇಳಿರಲಿಲ್ಲ. ಅಜ್ಜಿಯ ವಾಗನ್ ಹೊರಟುಹೋಗಿದೆ. ಈಗ ಬರುವುದರಲ್ಲೂ ಯಾರಾದರೂ ಹೋಗಿದ್ದರೆ, ಅಜ್ಜಿಗೆ ಮತ್ತೆ ಆ ಕ್ಯಾರವಾನ್ ಮತ್ತು ಗ್ಯಾಸ್ ಹೀಟರೇ ಗತಿ. ನಾನು ಸುಳ್ಳು ಹೇಳಬೇಕೇ? ಹೇಳಿದರೆ ಯಾರಿಗೆ ಗೊತ್ತಾಗುತ್ತದೆ? ಯೋಚನೆ ಬಂದದ್ದಕ್ಕೇ ಮೈ ಉರಿಯಿತು.

ಫೋನಿನಲ್ಲಿ ಕೇಳುವ ಧೈರ್ಯವಾಗಲಿಲ್ಲ. ಬೆಳಗ್ಗೆ ಕಚೇರಿಯ ಕಾರು ತೆಗೆದುಕೊಂಡು ಹೊರಟೆ. ರಾಟರ್‌ಡ್ಯಾಮ್ ದಾಟುವವರೆಗೆ ಗಾಳಿ ಕಾರನ್ನು ಪಕ್ಕಕ್ಕೆ ನೂಕುತ್ತಿತ್ತು, ನಾನು ಸ್ಟೇರಿಂಗಿಗೆ ಬಯ್ಯುತ್ತಿದ್ದೆ. ಆ ಮನೆಯಾಕೆ ಖಾಲಿ ವಾಗನ್ ಗುಡಿಸುತ್ತಿದ್ದಳು. ಮಕ್ಕಳು ಸುತ್ತ ಓಡುತ್ತಿದ್ದವು.

“ಇದ್ರಲ್ಲಿ ಯಾರಾದ್ರೂ ಸತ್ತಿದ್ದಾರಾ?” ಎಂದೆ. ನಮಸ್ಕಾರ ಕೂಡ ಹೇಳಲಿಲ್ಲ.

ಅವಳು ಪೊರಕೆ ಹಿಡಿದು ನನ್ನನ್ನೇ ನೋಡಿದಳು. ಆಮೇಲೆ ಬಿದ್ದೂ ಬಿದ್ದೂ ನಕ್ಕಳು. “ಅಯ್ಯೋ, ಇಲ್ಲಪ್ಪ! ಇದು ಹೊಸದಿದ್ದಾಗ ಮೊದಲು ಬಂದಿದ್ದೇ ನಾವು. ಸಾಯೋದಿರ್ಲಿ, ನನ್ನ ಕೊನೇ ಮಗು ಹುಟ್ಟಿದ್ದೇ ಇಲ್ಲಿ, ಅಗೋ ಆ ಸಿಂಕ್ ಪಕ್ಕ. ಸೂಲಗಿತ್ತಿ ಟ್ರಾಫಿಕ್‌ನಲ್ಲಿ ಸಿಕ್ಕಾಕ್ಕೊಂಡಿದ್ಲು.”

ನಾನು ಅವಳನ್ನು ತಬ್ಬಿಕೊಂಡುಬಿಟ್ಟೆ. ಇದು ಕೆಲಸದ ಪದ್ಧತಿಯಲ್ಲ.

ಗಾಳಿ ಇಳಿದ ದಿನ ವಾಗನ್ ಬಂತು. ಲೇಸರ್ ಹಿಡಿದು ನಿಂತು, ಎಡಕ್ಕೆ, ಇನ್ನೂ ಎಡಕ್ಕೆ ಎಂದು ಕೂಗಿ, ಐದು ಮೀಟರಿಗಿಂತ ಒಂದು ಗೇಣು ಜಾಸ್ತಿಯೇ ಬಿಡಿಸಿ ಇಳಿಸಿದೆವು. ಪೈಪು, ಕರೆಂಟ್ ಎಲ್ಲ ಸೇರಿತು. ಮಗ ಕ್ಯಾರವಾನನ್ನು ಕಾರಿಗೆ ಕಟ್ಟಿ ಎಳೆದೊಯ್ದ. ಮ್ಯಾನೇಜರ್ ಬೀಗದ ಕೈಯನ್ನು ನನ್ನ ಕೈಗೆ ಕೊಟ್ಟು, “ನೀವೇ ಕೊಡಿ,” ಎಂದ. ಅಜ್ಜಿ ಮೆಟ್ಟಿಲ ಕೆಳಗೆ, ಅಂದು ಮಗ ನಿಂತ ಹಾಗೆಯೇ ನಿಂತಿದ್ದಳು. ಕೀಲಿಕೈ ತೆಗೆದುಕೊಳ್ಳಲಿಲ್ಲ. ಬಾಯಿಬಿಟ್ಟು ಕೇಳಲೂ ಇಲ್ಲ. ನನ್ನ ಮುಖ ನೋಡಿದಳು.

“ಯಾರೂ ಹೋಗಿಲ್ಲ, ಅಮ್ಮಾ,” ಎಂದೆ. “ನಾನ ಹೋಗಿ ಕೇಳಿ ಬಂದೀನಿ. ಒಂದ ಕೂಸು ಹುಟ್ಟೈತಿ ಇದರಾಗ. ಅಡಗಿಮನ್ಯಾಗ.”

ಅಜ್ಜಿಯ ಹುಬ್ಬು ಮೇಲೇರಿತು. “ಹೆಣ್ಣೋ, ಗಂಡೋ?”

ಮಕ್ಕಳು ಓಡಾಡುತ್ತಿದ್ದದ್ದು ನೋಡಿದ್ದೆ. ಯಾವುದು ಕೊನೆಯದು, ಅದು ಏನು, ಕೇಳಿರಲಿಲ್ಲ.

“ಅಲ್ಲ, ಅಷ್ಟು ದೂರ ಹೋಗಿ ಅದನ್ನ ಕೇಳಲಿಲ್ಲೇನು? ಬರೇ ಅಳತಿ ಮಾಡತಿ!” ಎಂದು ಅಜ್ಜಿ ನನ್ನ ಕೈಯಿಂದ ಕೀಲಿಕೈ ಕಿತ್ತುಕೊಂಡಳು. “ಫೋನ್ ಹಚ್ಚು.”

ಹಚ್ಚಿದೆ. ಖಾಲಿ ಬಿಟ್ಟ ಆ ಐದು ಮೀಟರ್ ಜಾಗದಲ್ಲಿ ನಿಂತು, ಆ ಕಡೆಯಿಂದ ಎತ್ತುವವರೆಗೆ ಅತ್ತಿತ್ತ ತಿರುಗಾಡಿದೆ. ಅಂದ ಹಾಗೆ, ಇದನ್ನೆಲ್ಲ ಬರೆಯುವ ಮೊದಲು ಅಜ್ಜಿಯ ಮಗನ ಒಪ್ಪಿಗೆ ಕೇಳಿದ್ದೇನೆ. “ನಿಮ್ಮ ಭಾಷಾದಾಗ ಆದ್ರ ಬರೀರಿ, ಇಲ್ಲಿ ಯಾರು ಓದ್ತಾರ?” ಎಂದ. ಫೋನಿನಲ್ಲಿ ಉತ್ತರ ಸಿಕ್ಕಿದ್ದೇ ನಾನು ವಾಗನ್ ಕಡೆ ತಿರುಗಿದೆ. ಮೆಟ್ಟಿಲ ಕೆಳಗೆ ಯಾರೂ ಇರಲಿಲ್ಲ. ಅಡುಗೆಮನೆಯ ಕಿಟಕಿ ತೆರೆದಿತ್ತು, ಒಳಗೆ ನಲ್ಲಿ ಬಿಟ್ಟು ಕೆಟಲಿಗೆ ನೀರು ಹಿಡಿಯುವ ಸದ್ದು ಕೇಳುತ್ತಿತ್ತು.

“ಹೆಣ್ಣಂತ, ಅಮ್ಮಾ!” ಎಂದು ಕೂಗಿದೆ.